ಹೆಸರಿನ ಬಾಲ ಹಿಡಿದು ರಚನೆ ಬಿಡಿಸಿ

ಸಾವಯವ ಸಂಯುಕ್ತಕ್ಕೆ ಹೆಸರು ಕೊಡುವುದಕ್ಕಿಂತ ಹೆಸರು ನೋಡಿ ರಚನೆ ಬರೆಯುವುದು ಸುಲಭ. ಮುಖ್ಯ ಸರಪಳಿ ಯಾವುದು, ಯಾವ ತುದಿಯಿಂದ ಎಣಿಸಬೇಕು ಎಂಬ ತಲೆನೋವನ್ನು ಹೆಸರಿಟ್ಟವರೇ ಮುಗಿಸಿರುತ್ತಾರೆ. ಆದರೂ ಎಡವುವುದೇಕೆ? ಎಡದಿಂದ ಓದುತ್ತ, ಓದಿದ್ದನ್ನು ಅಲ್ಲಲ್ಲೇ ಬರೆದುಬಿಡುವುದರಿಂದ. ಹೆಸರನ್ನು ಬಾಲದಿಂದ ಹಿಡಿಯಬೇಕು.

4-ಮೀಥೈಲ್‌ಪೆಂಟ್-3-ಈನ್-2-ಓನ್ ತೆಗೆದುಕೊಳ್ಳಿ. ಪೆನ್ಸಿಲಿನಲ್ಲಿ ಗೆರೆ ಎಳೆದು ತುಂಡು ಮಾಡಿ: 4-ಮೀಥೈಲ್ | ಪೆಂಟ್ | 3-ಈನ್ | 2-ಓನ್. ಕೊನೆಯ 'ಓನ್' ಇದು ಕೀಟೋನ್ ಎನ್ನುತ್ತದೆ, ಅಂದರೆ ಸರಪಳಿಯ ನಡುವಿನ ಒಂದು ಕಾರ್ಬನ್‌ಗೆ ಆಕ್ಸಿಜನ್ ದ್ವಿಬಂಧದಿಂದ ಅಂಟಿದೆ. 'ಪೆಂಟ್' ಎಂದರೆ ಮುಖ್ಯ ಸರಪಳಿಯಲ್ಲಿ 5 ಕಾರ್ಬನ್.

ಆ ಐದನ್ನು ಸಾಲಾಗಿ ಬರೆದು ನಡುವೆ ಒಂದೊಂದು ಗೆರೆ ಹಾಕಿ. ಹೈಡ್ರೋಜನ್ ಈಗಲೇ ಬೇಡ. ಕೆಳಗೆ 1ರಿಂದ 5ರವರೆಗೆ ಸಂಖ್ಯೆ ಕೊಡಿ. ಎಡದಿಂದ ಕೊಟ್ಟರೂ ಬಲದಿಂದ ಕೊಟ್ಟರೂ ಅಣು ಅದೇ, ನಡುವೆ ದಿಕ್ಕು ಬದಲಿಸಬಾರದಷ್ಟೆ. 2ನೇ ಕಾರ್ಬನ್‌ಗೆ ದ್ವಿಬಂಧದಿಂದ ಆಕ್ಸಿಜನ್ ಸೇರಿಸಿ. '3-ಈನ್' ಎಂದರೆ 3 ಮತ್ತು 4ರ ನಡುವೆ ದ್ವಿಬಂಧ. ಇದನ್ನು 2 ಮತ್ತು 3ರ ನಡುವೆ ಹಾಕುವವರೇನೂ ಕಡಿಮೆಯಿಲ್ಲ. ಕಡೆಗೆ 4ನೆಯದಕ್ಕೆ ಒಂದು ಮೀಥೈಲ್ ಕವಲು, ಅಂದರೆ ಒಂದೇ ಕಾರ್ಬನ್ನಿನ ಕವಲು.

ಹೈಡ್ರೋಜನ್ ಸರದಿ ಈಗ. ಪ್ರತಿ ಕಾರ್ಬನ್ನಿನ ಗೆರೆ ಎಣಿಸಿ, ನಾಲ್ಕಕ್ಕೆ ಎಷ್ಟು ಕಡಿಮೆಯೋ ಅಷ್ಟು ಹೈಡ್ರೋಜನ್ ಬರೆಯಿರಿ. 1ನೆಯದಕ್ಕೆ 3, 3ನೆಯದಕ್ಕೆ 1, 5ನೆಯದಕ್ಕೆ 3, ಕವಲಿಗೆ 3. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಒಂದೂ ಇಲ್ಲ. ಅಭ್ಯಾಸಬಲದಿಂದ ನಾಲ್ಕನೆಯದಕ್ಕೊಂದು ಹೈಡ್ರೋಜನ್ ಅಂಟಿಸಿದರೆ ಆ ಕಾರ್ಬನ್‌ಗೆ ಐದು ಬಂಧವಾಗುತ್ತದೆ.

ತಾಳೆ ನೋಡಿ: ಒಟ್ಟು 6 ಕಾರ್ಬನ್. ದ್ವಿಬಂಧ, ಉಂಗುರ ಯಾವುದೂ ಇಲ್ಲದಿದ್ದರೆ 14 ಹೈಡ್ರೋಜನ್ ಇರಬೇಕಿತ್ತು. ಒಂದೊಂದು ದ್ವಿಬಂಧಕ್ಕೂ 2 ಕಳೆಯಿರಿ, ಉಳಿಯುವುದು 10. ಆಕ್ಸಿಜನ್ ಈ ಲೆಕ್ಕ ಕೆಡಿಸುವುದಿಲ್ಲ.

ಆಮ್ಲಗಳಲ್ಲಿ ಮೋಸ ಹೋಗುವವರು ಹೆಚ್ಚು. ಬ್ಯೂಟನೋಯಿಕ್ ಆಮ್ಲದ 4 ಕಾರ್ಬನ್‌ಗಳಲ್ಲಿ ಕಾರ್ಬಾಕ್ಸಿಲ್ (COOH) ಗುಂಪಿನದೂ ಒಂದು, ಅದೇ 1ನೆಯದು. ನಾಲ್ಕು ಬರೆದು ತುದಿಗೆ ಮತ್ತೆ ಕಾರ್ಬಾಕ್ಸಿಲ್ ಜೋಡಿಸಿದರೆ ಅದು ಪೆಂಟನೋಯಿಕ್ ಆಮ್ಲ. ಸೈಕ್ಲೋಹೆಕ್ಸೇನ್‌ಕಾರ್ಬಾಕ್ಸಿಲಿಕ್ ಆಮ್ಲದಲ್ಲಿ ಮಾತ್ರ ಉಂಗುರದ ಆರರ ಹೊರಗೆ ಏಳನೇ ಕಾರ್ಬನ್ ಇರುತ್ತದೆ.

4-(1-ಮೀಥೈಲ್‌ಈಥೈಲ್)ಹೆಪ್ಟೇನ್‌ನಂಥ ಹೆಸರಿನಲ್ಲಿ ಆವರಣದೊಳಗಿನ 1 ಕವಲಿನದು; ಸರಪಳಿಗೆ ಅಂಟಿದ ಕಾರ್ಬನ್ನಿಂದ ಆ ಎಣಿಕೆ ಶುರು. ಅಂಕುಡೊಂಕು ಗೆರೆಯ ಚಿತ್ರದಲ್ಲಿ ಪ್ರತಿ ತಿರುವೂ ಒಂದು ಕಾರ್ಬನ್, ತುದಿಗಳೂ ಕಾರ್ಬನ್ನೇ, ಹಾಗಾಗಿ 5 ಕಾರ್ಬನ್‌ಗೆ 4 ಗೆರೆ ಸಾಕು.

ಹೆಸರಿನ ಮುಂದೆ 'ಝಡ್' (Z) ಇದ್ದರೆ ದ್ವಿಬಂಧದ ಎರಡೂ ಕಡೆಯ ಆದ್ಯತೆಯ ಗುಂಪುಗಳು (ಅಂಟಿದ ಪರಮಾಣುವಿನ ಪರಮಾಣು ಸಂಖ್ಯೆ ಹೆಚ್ಚಿದ್ದರೆ ಆದ್ಯತೆ ಹೆಚ್ಚು) ಒಂದೇ ಬದಿಗೆ, 'ಇ' (E) ಇದ್ದರೆ ಎದುರುಬದುರಿಗೆ. ನಮ್ಮ ಕೀಟೋನ್‌ಗೆ ಎರಡೂ ಬೇಕಿಲ್ಲ: 4ನೇ ಕಾರ್ಬನ್ ಮೇಲಿರುವುದು ಎರಡೂ ಮೀಥೈಲ್, ಹೇಗೆ ತಿರುಗಿಸಿ ಬರೆದರೂ ಅದೇ.