ಭಿನ್ನರಾಶಿ ಕಲಿಸುವುದಿದ್ದರೆ ಮೊದಲ ದಿನವೇ ಅಡ್ಡಗೆರೆ ಎಳೆಯಬೇಡಿ

ಶುರುವಿನ ವರ್ಷಗಳಲ್ಲಿ ನಾನೂ ಎಲ್ಲರ ಹಾಗೇ ಕಲಿಸುತ್ತಿದ್ದೆ. ಬೋರ್ಡ್ ಮೇಲೆ ಒಂದು ಅಡ್ಡಗೆರೆ, ಮೇಲಿನದು ಅಂಶ, ಕೆಳಗಿನದು ಛೇದ, ಬರೆದುಕೊಳ್ಳಿ. ಮಕ್ಕಳು ಪಾಪ ಬರೆದುಕೊಳ್ಳುತ್ತಿದ್ದರು, ತಲೆಗೆ ಮಾತ್ರ ಏನೂ ಹೋಗುತ್ತಿರಲಿಲ್ಲ. ಈಗ ನಮ್ಮ ಸಿರ್ಸಿ ಕಡೆಯ ಶಾಲೆಯಲ್ಲಿ ಮೊದಲ ವಾರ ಆ ಗೆರೆಯನ್ನು ಮುಟ್ಟುವುದೇ ಇಲ್ಲ.

ಮೊದಲ ದಿನ ಒಂದು ತೆಂಗಿನಕಾಯಿ ಒಯ್ಯಿರಿ. ಮಕ್ಕಳ ಎದುರೇ ಒಡೆದು, ಒಂದೊಂದು ಕಡಿಯೂ ಅರ್ಧವಾ ಎಂದು ಕೇಳಿ. ಸುಮಾರು ಜನ ಹೌದು ಅನ್ನುತ್ತಾರೆ. ದೊಡ್ಡ ಕಡಿ ಒಬ್ಬನಿಗೆ, ಚಿಕ್ಕದು ಪಕ್ಕದವಳಿಗೆ ಕೊಡಿ, ಗಲಾಟೆ ಶುರು! ಎರಡು ತುಂಡಾದರೆ ಸಾಲದು, ಎರಡೂ ಸಮ ಇರಬೇಕು ಅನ್ನುವುದನ್ನು ನೀವು ಹೇಳಬೇಕಾಗಿಲ್ಲ, ಚಿಕ್ಕ ಕಡಿ ಸಿಕ್ಕಿದವಳೇ ಹೇಳುತ್ತಾಳೆ. ಆಮೇಲೆ ಕಾಯಿ ಎಲ್ಲರೂ ತಿನ್ನಲಿ. ಬೆಲ್ಲ ಇದ್ದರೆ ಇನ್ನೂ ಒಳ್ಳೆಯದು.

ಮರುದಿನ ಬರೀ ಮಾತು. ಕಾಲು, ಅರ್ಧ, ಮುಕ್ಕಾಲು ಮಕ್ಕಳಿಗೆ ಮನೆಯಿಂದಲೇ ಗೊತ್ತು. ಮುಕ್ಕಾಲು ಅಂದರೆ ಮೂರು ಕಾಲು, ಅಂದರೆ ಲೆಕ್ಕ ಆ ಪದದ ಒಳಗೇ ಇದೆ. ದನಕ್ಕೆ ನಾಲ್ಕು ಕಾಲು, ಅದರಲ್ಲಿ ಮೂರು ಎಂದು ಹೇಳಿ, ನಗುತ್ತಾರೆ, ಆದರೆ ಮರೆಯುವುದಿಲ್ಲ. ಇನ್ನೊಂದು ಸಂಗತಿ. 2/5 ಅನ್ನು ಕನ್ನಡದಲ್ಲಿ 'ಐದನೇ ಎರಡು' ಅನ್ನುತ್ತೇವೆ. ಎಷ್ಟು ಪಾಲು ಮಾಡಿದೆವು ಅನ್ನುವುದು ಮೊದಲು, ಎಷ್ಟು ತಗೊಂಡೆವು ಅನ್ನುವುದು ಆಮೇಲೆ, ಕೆಲಸ ನಡೆದ ಕ್ರಮದಲ್ಲೇ ಮಾತೂ ಬರುತ್ತದೆ. 'ಟೂ ಬೈ ಫೈವ್' ಅಂದುಬಿಟ್ಟರೆ ಇದೆಲ್ಲ ಕಾಣುವುದಿಲ್ಲ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಒಮ್ಮೆ ಕನ್ನಡದಲ್ಲಿ ಹೇಳಿಸಿ ನೋಡಿ.

ಇನ್ನು, 1/8 ದೊಡ್ಡದೋ 1/4 ದೊಡ್ಡದೋ ಅಂದರೆ ಎಂಟೇ ದೊಡ್ಡದಲ್ವಾ ಅನ್ನುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಅದಕ್ಕೆ ತೊಡದೇವು, ಅಂದರೆ ಹಾಳೆಯಷ್ಟು ತೆಳ್ಳಗಿನ, ಮಡಚಿಡುವ ನಮ್ಮ ಕಡೆಯ ಸಿಹಿತಿಂಡಿ. ನಿಜವಾದದ್ದು ತಂದರೆ ಪಾಠ ಆಗುವುದಿಲ್ಲ, ಆದ್ದರಿಂದ ದುಂಡಗೆ ಕತ್ತರಿಸಿದ ಹಾಳೆ ಸಾಕು. ತೊಡದೇವಿನ ಹಾಗೆ ಒಮ್ಮೆ ಮಡಚಿದರೆ ಎರಡು ಪಾಲು, ಮತ್ತೊಮ್ಮೆ ಮಡಚಿದರೆ ನಾಲ್ಕು, ಇನ್ನೊಮ್ಮೆ ಮಡಚಿದರೆ ಎಂಟು. ಪಾಲು ಜಾಸ್ತಿ ಆದಷ್ಟೂ ತುಂಡು ಚಿಕ್ಕದಾಗುವುದು ಕೈಗೇ ಗೊತ್ತಾಗುತ್ತದೆ. ಬಿಚ್ಚಿ, ಅರ್ಧಕ್ಕೆ ಬಣ್ಣ ಹಚ್ಚಿ, ಎಂಟರಲ್ಲಿ ಎಷ್ಟಕ್ಕೆ ಬಣ್ಣ ಬಿತ್ತು ಎಂದು ಎಣಿಸಲಿ. 1/2, 2/4, 4/8 ಮೂರೂ ಒಂದೇ ಅನ್ನುವುದು ಅಲ್ಲೇ ಮುಗಿಯಿತು. ಗೆರೆ ಹಾಕಿ ಬರೆಯುವುದು ಈಗ ಶುರುವಾಗಲಿ.

ಕೂಡುವುದೇ ನಿಜವಾದ ತಲೆನೋವು. 1/2 ಕ್ಕೆ 1/3 ಕೂಡಿಸಿ ಅಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಎಂದು ಬರೆಯುತ್ತಾರೆ. ತಪ್ಪು ಎಂದು ಕೆಂಪು ಗೀಟು ಎಳೆಯಬೇಡಿ. 12 ಅಡಿಕೆ ಕೊಡಿ. ಅರ್ಧ ಅಂದರೆ 6, ಮೂರನೇ ಒಂದು ಅಂದರೆ 4, ಒಟ್ಟು 10. 12ರಲ್ಲಿ 10, ಅಂದರೆ 5/6. ಈಗ ಕೇಳಿ, 2/5 ಅರ್ಧಕ್ಕಿಂತ ಕಡಿಮೆ ಅಲ್ವಾ, ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗಿದ್ದು ಹೇಗೆ? ಸ್ವಲ್ಪ ಹೊತ್ತು ಸುಮ್ನೆ ಬಿಡಿ. 12ರ ಬದಲು 10 ಅಡಿಕೆ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದೂ ಕೇಳಿ. ಮೂರು ಪಾಲು ಮಾಡಲು ಹೋಗಿ ಒಂದು ಅಡಿಕೆ ಉಳಿಯುತ್ತದೆ. ಲ.ಸಾ.ಅ., ಅಂದರೆ ಎರಡೂ ಛೇದಗಳಿಂದ ಶೇಷ ಉಳಿಯದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, ಯಾಕೆ ಬೇಕು ಅನ್ನುವುದಕ್ಕೆ ಆ ಉಳಿದ ಅಡಿಕೆಯೇ ಉತ್ತರ.

ಮನೆಗೆಲಸಕ್ಕೆ ಗುಂಟೆ ಲೆಕ್ಕ ಕೊಡಬಹುದು. ಎಕರೆಗೆ 40 ಗುಂಟೆ, ಕಾಲು ಎಕರೆಗೆ 10, ಮುಕ್ಕಾಲಿಗೆ 30. ಆದರೆ ಯಾರ ಮನೆಯಲ್ಲಿ ಎಷ್ಟು ತೋಟ ಎಂದು ಮಾತ್ರ ಕ್ಲಾಸಿನಲ್ಲಿ ಕೇಳಬೇಡಿ. ಇಲ್ಲದ ಮನೆಯ ಮಕ್ಕಳೂ ಅಲ್ಲೇ ಕೂತಿರುತ್ತಾರೆ. ಕಾರವಾರ, ಅಂಕೋಲೆ ಕಡೆಯಾದರೆ ಮೀನು ಪೇಟೆಯ ಲೆಕ್ಕ ಇನ್ನೂ ಸಲೀಸು. ಸೀಗಡಿ ಕಿಲೋಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ, ಮುಕ್ಕಾಲು ಕಿಲೋಗೆ ಎಷ್ಟು? ಅಮ್ಮನ ಜೊತೆ ಪೇಟೆಗೆ ಹೋಗುವ ಮಗು ಗುಣಿಸುವುದೂ ಇಲ್ಲ, ಭಾಗಿಸುವುದೂ ಇಲ್ಲ. ಕಾಲಿಗೆ ನೂರು, ಮೂರು ಕಾಲಿಗೆ ಮುನ್ನೂರು ಎಂದು ಬಾಯಲ್ಲೇ ಹೇಳಿಬಿಡುತ್ತದೆ.