ಟಿಸಿ ಬರೆಯುವ ಮೊದಲು: ಸರ್ಕಾರಿ ಹೈಸ್ಕೂಲಿನಲ್ಲಿ ಗಂಭೀರ ತಪ್ಪು ನಡೆದಾಗ

ಹೊಡೆದಾಟದಲ್ಲಿ ರಕ್ತ ಬಂದಿದೆ, ಬ್ಯಾಗಿನಲ್ಲಿ ಚಾಕು ಸಿಕ್ಕಿದೆ. ಮಧ್ಯಾಹ್ನದೊಳಗೆ ‘ಟಿಸಿ ಕೊಟ್ಟು ಕಳಿಸಿ’ ಎಂಬ ಒತ್ತಡ ಶುರುವಾಗುತ್ತದೆ. ಗಾಯಗೊಂಡವರನ್ನು ಆಸ್ಪತ್ರೆಗೆ ಕಳಿಸಿ, ಇಬ್ಬರ ಮನೆಗೂ ಫೋನ್ ಮಾಡಿದ ಮೇಲೆ, ತಪ್ಪು ಮಾಡಿದವನ ತರಗತಿ ಯಾವುದೆಂದು ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿನಂತೆ 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ನಮ್ಮಲ್ಲಿ 8ನೇ ತರಗತಿ ಹೈಸ್ಕೂಲಿನಲ್ಲೇ ಇರುವುದರಿಂದ ಈ ಕಾಯ್ದೆ ಪ್ರೈಮರಿಯವರಿಗಷ್ಟೇ ಎಂದುಕೊಂಡು ಎಡವುವವರೇ ಹೆಚ್ಚು. 2019ರ ತಿದ್ದುಪಡಿ ಪರೀಕ್ಷೆಯಲ್ಲಿ ಫೇಲಾದವರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವ ವಿಷಯದಲ್ಲಿ ಸಡಿಲ ಕೊಟ್ಟಿತೇ ಹೊರತು ಹೊರಹಾಕಲು ಅವಕಾಶ ಕೊಡಲಿಲ್ಲ. ಪೋಷಕರಿಂದ ಬಲವಂತವಾಗಿ ‘ಸ್ವಇಚ್ಛೆಯ’ ಅರ್ಜಿ ಬರೆಸಿಕೊಂಡು ಟಿಸಿ ಕೊಡುವುದೂ ಹೊರಹಾಕಿದಂತೆಯೇ.

ಅದೇ ದಿನ ಹೇಳಿಕೆ ಪಡೆಯಿರಿ. ನೋಡಿದವರನ್ನು ಒಬ್ಬೊಬ್ಬರಾಗಿ ಕೂರಿಸಿ. ಒಟ್ಟಿಗೆ ಕೇಳಿದರೆ ಮೊದಲು ಬಾಯಿಬಿಟ್ಟವನ ಕಥೆಯೇ ಎಲ್ಲರದೂ ಆಗುತ್ತದೆ. ಆರೋಪಿತ ವಿದ್ಯಾರ್ಥಿಯ ಮಾತನ್ನು ಪೋಷಕರ ಎದುರಿಗೇ, ಅವನದೇ ಪದಗಳಲ್ಲಿ ಬರೆದುಕೊಳ್ಳಿ. ಹೆದರಿಸಿ ಬರೆಸಿದ ತಪ್ಪೊಪ್ಪಿಗೆ ಮೇಲಧಿಕಾರಿಗಳ ಮುಂದೆ ನಿಲ್ಲುವುದಿಲ್ಲ. ಹೊಡೆತ, ಬಿಸಿಲಲ್ಲಿ ನಿಲ್ಲಿಸುವುದು, ಪ್ರಾರ್ಥನೆಯಲ್ಲಿ ಹೆಸರು ಕೂಗಿ ಅವಮಾನಿಸುವುದು: ಇವನ್ನೆಲ್ಲ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸುತ್ತದೆ. ಕೈಯೆತ್ತಿದ ಶಿಕ್ಷಕರೇ ಇಲಾಖಾ ಕ್ರಮ ಎದುರಿಸಬೇಕಾಗುತ್ತದೆ, ಮೂಲ ಪ್ರಕರಣ ಅಲ್ಲೇ ಮುಚ್ಚಿಹೋಗುತ್ತದೆ.

ಮೊಬೈಲ್ ಸಿಕ್ಕರೆ ಗ್ಯಾಲರಿ ತೆರೆಯಬೇಡಿ. ಕವರಿನಲ್ಲಿಟ್ಟು ಅಂಟಿಸಿ, ಇಬ್ಬರ ಸಹಿ, ದಿನಾಂಕ, ಸಮಯ ಹಾಕಿ. ಮಕ್ಕಳ ಅಶ್ಲೀಲ ವಿಡಿಯೊ ಇದ್ದರೆ ‘ಯಾರೆಂದು ಗುರುತಿಸಿ’ ಎಂದು ಸ್ಟಾಫ್ ಗ್ರೂಪಿಗೆ ಹಾಕಿದರೂ ಐಟಿ ಕಾಯ್ದೆಯ 67ಬಿ ಅಡಿ ಅಪರಾಧ.

ಲೈಂಗಿಕ ದೌರ್ಜನ್ಯದ ಶಂಕೆ ಬಂದ ಕ್ಷಣವೇ ಶಾಲಾ ವಿಚಾರಣೆ ನಿಲ್ಲಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಎರಡು ಮನೆಯವರು ರಾಜಿಯಾದರೂ ಈ ಹೊಣೆ ತಪ್ಪುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಿ. ಪೊಲೀಸರು ವಿದ್ಯಾರ್ಥಿಯನ್ನು ಕರೆದೊಯ್ದರೆ ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಇದನ್ನು ಪೋಷಕರಿಗೆ ನೀವೇ ಹೇಳಿ, ಆ ಗಾಬರಿಯಲ್ಲಿ ಅವರಿಗೆ ಬೇರೆ ಯಾರೂ ಹೇಳುವುದಿಲ್ಲ. ಪತ್ರಕರ್ತರು ಬಂದರೆ ಎರಡೂ ಕಡೆಯ ಮಕ್ಕಳ ಹೆಸರು, ಫೋಟೊ ಕೊಡಬೇಡಿ.

9, 10ನೇ ತರಗತಿಯವರ ಮೇಲೆ ಕ್ರಮ ಕೈಗೊಳ್ಳುವುದಾದರೂ ಆರೋಪವನ್ನು ಕನ್ನಡದಲ್ಲಿ ಬರೆದು ಪೋಷಕರಿಗೆ ಕೊಟ್ಟು, ಉತ್ತರಕ್ಕೆ ಸಮಯ ಬಿಟ್ಟು, ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ತಿಳಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಡತ ಕಳಿಸಿ. ಪೆಟ್ಟು ತಿಂದ ಮಗು ಮರುದಿನ ಅದೇ ಬೆಂಚಿಗೆ ಬರುತ್ತದೆ. ಇಬ್ಬರ ಸೆಕ್ಷನ್ ಬೇರೆ ಮಾಡಿ, ಊಟದ ಸಾಲಿನಲ್ಲೂ ಶಾಲೆ ಬಿಡುವ ಹೊತ್ತಿನಲ್ಲೂ ಒಬ್ಬ ಶಿಕ್ಷಕರನ್ನು ನಿಲ್ಲಿಸಿ.