ಡೇರಿ ಗೋಡೆಯ ಮೇಲೆ ಕೆಆರ್‌ಎಸ್ ಲೆಕ್ಕ

ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲೆ ನಾನು ಮದ್ದೂರು ತಾಲ್ಲೂಕಿನ ನಮ್ಮೂರಿಗೆ ಮರಳಿ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿರುವ ಎರಡು ಎಕರೆ ಗದ್ದೆಯನ್ನು ನೋಡಿಕೊಂಡಿದ್ದೇನೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಊರಿನವರೆಲ್ಲರಂತೆ ನಾನೂ ನೀರಿನ ಸುದ್ದಿಗಾಗಿ ಟಿವಿಯನ್ನೂ ಪತ್ರಿಕೆಯನ್ನೂ ನೆಚ್ಚಿಕೊಂಡಿದ್ದೆ. ತಮಿಳುನಾಡಿಗೆ ಹದಿನೈದು ದಿನಗಳ ಕಾಲ 5,000 ಕ್ಯೂಸೆಕ್‌ನಂತೆ ಕಾವೇರಿ ನೀರು ಹರಿಸಬೇಕೆಂಬ ಆದೇಶದಲ್ಲಿ ಮಧ್ಯಪ್ರವೇಶಿಸಲು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 21ರಂದು ನಿರಾಕರಿಸಿತು. ಆ ದಿನಗಳಲ್ಲೇ ಒಂದು ಪತ್ರಿಕೆಯ ಒಳಪುಟದಲ್ಲಿ ‘ದಿನಕ್ಕೆ 5,000 ಟಿಎಂಸಿ’ ಎಂದು ಅಚ್ಚಾಗಿದ್ದನ್ನು ಓದಿದೆ. ನಮ್ಮ ನಾಲೆಗೆ ನೀರು ಕೊಡುವ ಕೆಆರ್‌ಎಸ್ ಅಣೆಕಟ್ಟು 124.80 ಅಡಿಗೆ ಪೂರ್ತಿ ತುಂಬಿದಾಗ ಅದರಲ್ಲಿ ಇರುವುದೇ 49.45 ಟಿಎಂಸಿ. ಪತ್ರಿಕೆಯ ಲೆಕ್ಕದಂತೆ ಹೋದರೆ ನಾವು ದಿನವೊಂದಕ್ಕೆ ನೂರು ಕೆಆರ್‌ಎಸ್‌ಗಳನ್ನು ಬರಿದು ಮಾಡಬೇಕಿತ್ತು. ಪತ್ರ ಬರೆದೆ, ತಿದ್ದುಪಡಿಯೂ ಬರಲಿಲ್ಲ, ಉತ್ತರವೂ ಬರಲಿಲ್ಲ.

ಆ ಸುದ್ದಿ ಓದಿದ ದಿನ ಸಂಜೆ ಹಾಲು ಹಾಕಲು ಡೇರಿಗೆ ಹೋದಾಗ ಅದೇ ಮಾತು ನಡೆಯುತ್ತಿತ್ತು. ‘ಮೇಷ್ಟ್ರೇ, ಇಷ್ಟು ನೀರು ಬಿಟ್ಟರೆ ನಮ್ಮ ಪೈರಿನ ಗತಿ ಏನು?’ ಎಂದು ಒಬ್ಬರು ಕೇಳಿದರು. ಡೇರಿಯ ಗೋಡೆಯ ಮೇಲೆ ಹಾಲಿನ ದರ ಬರೆಯುವ ಕಪ್ಪು ಹಲಗೆಯ ಅರ್ಧ ಭಾಗ ಖಾಲಿ ಇತ್ತು. ಕಾರ್ಯದರ್ಶಿಯವರ ಒಪ್ಪಿಗೆ ಪಡೆದು ಅಲ್ಲಿಯೇ ಲೆಕ್ಕ ಹಾಕಿ ತೋರಿಸಿದೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಹರಿವಿನ ಪ್ರಮಾಣ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ನಿಂತ ನೀರಿನ ಮೊತ್ತ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ ಆಗುತ್ತದೆ. ಹೀಗೆ 5,000 ಕ್ಯೂಸೆಕ್ ಹದಿನೈದು ದಿನ ಹರಿದರೆ ಸುಮಾರು ಆರೂವರೆ ಟಿಎಂಸಿ. ಬರದ ವರ್ಷದಲ್ಲಿ ಅದೇನೂ ಸಣ್ಣ ಮೊತ್ತವಲ್ಲ, ನಮ್ಮ ಆತಂಕಕ್ಕೆ ಕಾರಣವೂ ಇತ್ತು. ಆದರೆ ಆತಂಕಪಡುವುದಕ್ಕೂ ಸರಿಯಾದ ಅಂಕಿ ಬೇಕಲ್ಲವೆ?

ಮರುದಿನದಿಂದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಲಾಶಯ ವರದಿಯನ್ನು ಮೊಬೈಲಿನಲ್ಲಿ ನೋಡಿ, ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು ಎಂಬ ನಾಲ್ಕು ಕಲಮುಗಳನ್ನು ಹಲಗೆಯ ಮೇಲೆ ಬರೆಯತೊಡಗಿದೆ. ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಂಡು, ಟಿವಿಯಲ್ಲಿ ಹೇಳಿದ್ದನ್ನೂ ಗುರುತು ಹಾಕಿಕೊಂಡೆ. ಕೆಲವೇ ವಾರಗಳಲ್ಲಿ ತಪ್ಪುಗಳ ಜಾಡು ಸಿಕ್ಕಿತು. ನೀರಿನ ಮಟ್ಟವನ್ನು ಅಡಿಗಳಲ್ಲಿ ಹೇಳಿ ಸಂಗ್ರಹವನ್ನು ಬಿಟ್ಟುಬಿಡುವುದು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಅಣೆಕಟ್ಟು ಬಾಯಗಲದ ಬಾಣಲೆಯಂತೆ ಮೇಲೆ ಹೋದಂತೆ ಅಗಲವಾಗುವುದರಿಂದ, 100 ಅಡಿ ನೀರಿದೆ ಎಂದಾಗ ಎತ್ತರದಲ್ಲಿ ಐದರಲ್ಲಿ ನಾಲ್ಕು ಪಾಲು ತುಂಬಿದಂತೆ ಕಂಡರೂ ನೀರು ಅರ್ಧಕ್ಕಿಂತ ಕಡಿಮೆಯೇ ಇರುತ್ತದೆ. ಹೊರಹರಿವನ್ನೆಲ್ಲ ತಮಿಳುನಾಡಿನ ಪಾಲೆಂದು ಓದುವುದು ಮತ್ತೊಂದು ತಪ್ಪು. ಅದರಲ್ಲಿ ನಮ್ಮ ನಾಲೆಗಳಿಗೆ ಹೋಗುವ ನೀರೂ ಸೇರಿರುತ್ತದೆ, ಮೇಲಾಗಿ ತಮಿಳುನಾಡಿಗೆ ತಲುಪಿದ ನೀರನ್ನು ಅಳೆಯುವುದು ಕೆಆರ್‌ಎಸ್‌ನಲ್ಲಲ್ಲ, ಗಡಿಯ ಬಿಳಿಗುಂಡ್ಲುವಿನಲ್ಲಿ. ಕಬಿನಿಯ ನೀರೂ ಸಂಗಮದಲ್ಲಿ ಕಾವೇರಿಗೆ ಸೇರಿಯೇ ಅಲ್ಲಿಗೆ ಹೋಗುತ್ತದೆ. ಕಬಿನಿ 2,284 ಅಡಿ, ಕೆಆರ್‌ಎಸ್ 124.80 ಅಡಿ ಎಂದು ಒಂದೇ ಪಟ್ಟಿಯಲ್ಲಿ ತೋರಿಸಿದ್ದನ್ನು ಕಂಡು ‘ಹಾಗಾದರೆ ಕಬಿನಿಯೇ ದೊಡ್ಡದೇ?’ ಎಂದು ನಮ್ಮೂರಿನ ಹುಡುಗನೊಬ್ಬ ಕೇಳಿದ್ದ. ಮೊದಲನೆಯದು ಸಮುದ್ರ ಮಟ್ಟದಿಂದ ಎಣಿಸಿದ್ದು, ಎರಡನೆಯದು ಅಣೆಕಟ್ಟೆಯ ಸ್ಥಳೀಯ ಅಳತೆ. ಕಬಿನಿಯ ಸಾಮರ್ಥ್ಯ 19.52 ಟಿಎಂಸಿ ಎಂದು ಹೇಳಿದ ಮೇಲೆ ಅವನಿಗೆ ಸಮಾಧಾನವಾಯಿತು.

ನಾನೂ ಎಡವಿದ್ದೇನೆ. ಒಂದು ದಿನ ಅವಸರದಲ್ಲಿ ಒಳಹರಿವಿನ ಅಂಕಿಯನ್ನು ಹೊರಹರಿವಿನ ಕಲಮಿನಲ್ಲಿ ಬರೆದು, ಹಾಲು ಹಾಕಿದವರೆಲ್ಲ ಮನೆ ಸೇರಿದ ಮೇಲೆ ಗಮನಿಸಿದೆ. ಸಂಜೆ ತಿದ್ದಿ, ಬೆಳಿಗ್ಗೆ ಬರೆದದ್ದು ತಪ್ಪೆಂದು ಅಷ್ಟೇ ದಪ್ಪ ಅಕ್ಷರಗಳಲ್ಲಿ ಕೆಳಗೆ ಬರೆದಿಟ್ಟೆ.

ಆದರೆ ನನ್ನ ಬೇಸರ ಅಂಕಿಗಳ ತಪ್ಪಿಗಷ್ಟೇ ಸಂಬಂಧಿಸಿದ್ದಲ್ಲ. ಸೆಪ್ಟೆಂಬರ್ 26ರ ಬೆಂಗಳೂರು ಬಂದ್ ಮತ್ತು 29ರ ಕರ್ನಾಟಕ ಬಂದ್‌ಗಳನ್ನು ಟಿವಿಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ನೋಡಿದ ನಮಗೆ, ಮುಂದಿನ ಕಟ್ಟು ನೀರು (ಸರದಿಯಂತೆ ನಾಲೆಗೆ ಬಿಡುವ ನೀರು) ಎಂದಿನಿಂದ, ಎಷ್ಟು ದಿನ, ನಾಲೆಯ ಮೇಲ್ಭಾಗದವರು ಬಳಸಿದ ಮೇಲೆ ಕೊನೆ ಭಾಗಕ್ಕೆ ಬರುವುದು ಯಾವಾಗ ಎಂಬ ಒಂದು ಸಾಲು ಸಿಗಲಿಲ್ಲ. ಪ್ರತಿಕೃತಿ ಸುಟ್ಟದ್ದು ಸುದ್ದಿಯಾಯಿತು, ತೂಬಿನ ಮುಂದೆ ರಾತ್ರಿಯೆಲ್ಲ ಕಾಯುತ್ತ ಕೂತದ್ದು ಸುದ್ದಿಯಾಗಲಿಲ್ಲ. ಕಟ್ಟು ನೀರಿನ ದಿನಗಳನ್ನು ನಾನು, ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯನ್ನೂ ನೀರಾವರಿ ಕಚೇರಿಯನ್ನೂ ಕೇಳಿ ತಿಳಿದು ಹಲಗೆಯಲ್ಲಿ ಐದನೆಯ ಕಲಮು ಮಾಡಿ ಬರೆದೆ. ಉಳಿದ ನಾಲ್ಕನ್ನು ಬಿಟ್ಟು ಜನ ಮೊದಲು ಓದುವುದು ಅದನ್ನೇ.

ತಾಲ್ಲೂಕಿನ ಅರೆಕಾಲಿಕ ವರದಿಗಾರರೊಬ್ಬರು ಈಗ ಸುದ್ದಿ ಕಳಿಸುವ ಮುನ್ನ ನನಗೆ ಫೋನ್ ಮಾಡುತ್ತಾರೆ. ಸರಿಯಾಗಿಯೇ ಬರೆದು ಕಳಿಸುತ್ತಾರೆ; ಆದರೆ ಕಟ್ಟು ನೀರಿನ ದಿನಾಂಕವಿರುವ ಕೊನೆಯ ಪ್ಯಾರಾ, ಪುಟದಲ್ಲಿ ಜಾಗವಿಲ್ಲವೆಂದು ಡೆಸ್ಕಿನಲ್ಲಿ ಹಾರಿಹೋಗುತ್ತದಂತೆ. ಈಚೆಗೆ ಅವರು ಅದನ್ನು ಮೊದಲ ಪ್ಯಾರಾದಲ್ಲೇ ಬರೆಯುತ್ತಿದ್ದಾರೆ.